ಹಸಿರು ಹೊಡೆಯುವ ಮೆಟ್ಟಿಲುಗಳು

ಅವಳ ನಿಜವಾದ ಹೆಸರು ಮನೆಯ ಹೊರಗೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಲ್ಯಾಬಿನಲ್ಲಿ ಕೂತು ಪಿಂಗಾಣಿ ಹಲ್ಲು ಮಾಡಿದ್ದರಿಂದ ಅಲ್ಲಿನ ಕಿರಿಯರು ಅವಳನ್ನು ಹಲ್ಲಕ್ಕ ಎಂದು ಕರೆದರು. ಅದನ್ನು ಕೇಳಿ ಕೇಳಿ ಅಂಗಡಿಯವರು, ಅಕ್ಕಪಕ್ಕದ ಮನೆಯವರು, ಕೊನೆಗೆ ಗಂಡನ ಸ್ನೇಹಿತರೂ ಹಲ್ಲಕ್ಕ ಎನ್ನತೊಡಗಿದರು. ಹೊಸದಾಗಿ ಈ ಹೆಸರು ಕೇಳಿದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅವಳ ಬಾಯಿಯ ಕಡೆಗೆ. ಅವಳದು ತೀರ ಸಾಧಾರಣ ಹಲ್ಲು, ಮೇಲಾಗಿ ಮುಂದಿನ ಎರಡರ ನಡುವೆ ಒಂದು ಸಂದು ಬೇರೆ. ದರ್ಜಿಯ ಅಂಗಿಗೆ ಗುಂಡಿ ಇರಲ್ಲ ಎಂದು ತಾನೇ ಮೊದಲು ಹೇಳಿ ನಗುವುದು ಅವಳ ಅಭ್ಯಾಸ.

ಕೆಲಸ ಹೀಗೆ. ದಂತವೈದ್ಯರು ಹಲ್ಲಿನ ಅಚ್ಚನ್ನೂ ಒಂದು ಚೀಟಿಯನ್ನೂ ಕಳಿಸುತ್ತಾರೆ. ಚೀಟಿಯಲ್ಲಿ ಹಲ್ಲು ಯಾವ ಬಣ್ಣದ್ದಿರಬೇಕು ಎಂಬ ಸಂಖ್ಯೆ ಇರುತ್ತದೆ. ಅವಳ ಮೇಜಿನ ಮೇಲೆ ಹದಿನಾರು ಮಾದರಿ ಹಲ್ಲುಗಳನ್ನು ಜೋಡಿಸಿದ ಒಂದು ಪಟ್ಟಿ. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಸಣ್ಣ ಕುಂಚದಿಂದ ಪದರದ ಮೇಲೆ ಪದರ ಕೂರಿಸಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಉಜ್ಜಿ, ಪಟ್ಟಿಯ ಹಲ್ಲಿನ ಪಕ್ಕ ಹಿಡಿದು ನೋಡುವುದು. ಎಲ್ಲೋ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಬಣ್ಣದ ತೆಳು ಲೇಪ ಕೊಟ್ಟು ಮತ್ತೆ ಸುಡುವುದು. ಬಿಳಿ ಎಂದರೆ ಒಂದೇ ಎಂದುಕೊಂಡವರಿಗೆ ಅವಳು ಹೇಳುತ್ತಿದ್ದಳು: ಹಾಲಿನ ಬಿಳಿ ಬೇರೆ, ಮೂಳೆಯ ಬಿಳಿ ಬೇರೆ, ದಿನಕ್ಕೆ ಆರು ಸಲ ಟೀ ಕುಡಿಯುವವನ ಬಿಳಿಯಂತೂ ಬೇರೆಯೇ ಜಾತಿ.

ಹೀಗಾಗಿ ಬಣ್ಣದ ವಿಷಯದಲ್ಲಿ ಹಲ್ಲಕ್ಕ ಹೇಳಿದ್ದೇ ಕೊನೆಯ ಮಾತು. ಪಕ್ಕದ ಮನೆಯಾಕೆ ಪರದೆಗೆ ಹೊಂದುವ ದಾರ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದಳು. ಮೇಲಿನ ಮಹಡಿಯವರು ಗೋಡೆಗೆ ಬಣ್ಣ ಬಳಿಸುವ ಮೊದಲು ಅವಳನ್ನು ಕರೆಸುತ್ತಿದ್ದರು.

ಗಂಡ ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಕೆಟ್ಟಾಗಲೇ ಅವನಿಗೆ ಕರೆ ಬರುವುದು. ಹಾಗಾಗಿ ಜೀವಮಾನವಿಡೀ ಲಿಫ್ಟಿನ ಕೆಲಸ ಮಾಡಿದವನು ಹತ್ತಿದ್ದೆಲ್ಲ ಮೆಟ್ಟಿಲು. ಯಾರೂ ಕಾಲಿಡದ ಆ ಮೆಟ್ಟಿಲುಗಳ ಮೇಲೆ ಅವನಿಗೆ ಹೇಗೋ ಮನಸ್ಸು ಹತ್ತಿಬಿಟ್ಟಿತು. ಉಪಕರಣದ ಚೀಲದಲ್ಲೇ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ತಿರುವುಗಳನ್ನು, ಕಂಬಿಗಳ ನೆರಳನ್ನು, ಮೂಲೆಯಲ್ಲಿ ಯಾರೋ ಮರೆತ ಕುರ್ಚಿಯನ್ನು ತೆಗೆಯುತ್ತಿದ್ದ. ಎಲ್ಲ ಕಪ್ಪು-ಬಿಳುಪು. ಮೆಟ್ಟಿಲಿಗೆ ಬಣ್ಣ ಯಾಕೆ, ನೆರಳು ಸಾಲದೇ ಎಂಬುದು ಅವನ ವಾದ.

ಒಂದು ದಿನ ವಾಚನಾಲಯದ ಕಟ್ಟಡದಲ್ಲಿ ಲಿಫ್ಟ್ ಸರಿಮಾಡುವಾಗ ಅಲ್ಲಿನ ಮೇಲ್ವಿಚಾರಕ ಅವನ ಕ್ಯಾಮೆರಾದಲ್ಲಿ ಈ ಫೋಟೋಗಳನ್ನು ನೋಡಿದರು. ನಮ್ಮ ಮೊಗಸಾಲೆಯ ಗೋಡೆ ಬೋಳಾಗಿದೆ, ಹನ್ನೆರಡು ಫೋಟೋ ಮುದ್ರಿಸಿ ಕೊಡಿ, ಒಂದು ತಿಂಗಳು ತೂಗುಹಾಕೋಣ ಎಂದರು. ಆರು ವಾರದ ಗಡುವು. ಅವತ್ತು ಮನೆಗೆ ಬಂದವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಅರ್ಜಿ, ಪಾವತಿಗಳಿಗಾಗಿ ತಂದಿದ್ದ ಸಾಮಾನ್ಯ ಪ್ರಿಂಟರ್. ಕಪ್ಪು, ನೀಲಿ, ಕೆಂಪು, ಹಳದಿ ಎಂದು ನಾಲ್ಕು ಶಾಯಿ. ಎರಡು ಕೋಣೆಗಳ ನಡುವಿನ ಕಿರು ಹಾದಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಒಂದು ಸ್ಟೂಲಿನ ಮೇಲೆ ಅದರ ವಾಸ. ಗಂಡ ಫಳಫಳ ಹೊಳೆಯುವ ಫೋಟೋ ಕಾಗದದ ಒಂದು ಕಟ್ಟು ತಂದು, ಹತ್ತನೇ ಅಂತಸ್ತಿನಿಂದ ಕೆಳಗೆ ನೋಡಿದರೆ ಶಂಖದ ಸುರುಳಿಯಂತೆ ಕಾಣುವ ಒಂದು ಮೆಟ್ಟಿಲಿನ ಚಿತ್ರವನ್ನು ಮೊದಲು ಮುದ್ರಿಸಿದ. ಹಲ್ಲಕ್ಕ ಅಲ್ಲೇ ನಿಂತಿದ್ದಳು. ಹಾಳೆ ಪೂರ್ತಿ ಹೊರಬರುವ ಮೊದಲೇ ಅವಳ ಹುಬ್ಬು ಗಂಟಿಕ್ಕಿತು.

"ಹಸಿರು ಹೊಡೀತಿದೆ ಕಣ್ರೀ."

ಗಂಡ ಹಾಳೆಯನ್ನು ಅಡುಗೆಮನೆಯ ಮೇಜಿಗೆ ಒಯ್ದು ಅಲ್ಲಿನ ಬಲ್ಬಿನ ಕೆಳಗೆ ಹಿಡಿದ. ಅವನ ಕಣ್ಣಿಗೆ ಹಸಿರೂ ಇಲ್ಲ, ಗಿಸಿರೂ ಇಲ್ಲ, ಅಚ್ಚುಕಟ್ಟಾದ ಬೂದು. ತೀರ್ಮಾನಕ್ಕೆಂದು ತಾಯಿಯ ಹತ್ತಿರ ಹೋದ. ಹಲ್ಲಕ್ಕನ ಅತ್ತೆ ದಿನದ ಬಹುಪಾಲು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪತ್ರಿಕೆಯ ಪದಬಂಧ ಬಿಡಿಸುತ್ತ ಕೂರುವವರು. ಕನ್ನಡಕ ಏರಿಸಿ, ಇಳಿಸಿ, ಕೆಂಪು ಮಣ್ಣಿನ ನೀರಲ್ಲಿ ಬಿಳಿ ಬಟ್ಟೆ ಒಗೆದ ಹಾಗಿದೆ ಎಂದರು.

ಒಂದು ಹಾಳೆ, ಮೂರು ಜನ, ಮೂರು ಬಣ್ಣ. ಆದರೆ ಆ ಮನೆಯಲ್ಲಿ ಇಂಥ ವ್ಯಾಜ್ಯಕ್ಕೆ ನ್ಯಾಯಾಧೀಶರು ಒಬ್ಬರೇ. ಗಂಡ ಕಂಪ್ಯೂಟರಿನಲ್ಲಿ ಹಸಿರನ್ನು ತಗ್ಗಿಸಿ ಕೆಂಪನ್ನು ಒಂದು ಗೆರೆ ಏರಿಸಿದ. ಹೊಸ ಹಾಳೆಯನ್ನು ಹಾದಿಯಲ್ಲೇ ನೋಡಿದ ಹಲ್ಲಕ್ಕ ಈಗ ಸರಿಹೋಯಿತು ಎಂದಳು. ಕಿಟಕಿಯ ಬಳಿಯ ಅತ್ತೆ, ಮೊದಲೇ ವಾಸಿ, ಈಗ ಸುಟ್ಟಗಾಯದ ಹಾಗಿದೆ ಎಂದರು. ಅತ್ತೆ-ಸೊಸೆಯರ ನಡುವೆ ಗಂಡ ಅಡಕತ್ತರಿಗೆ ಸಿಕ್ಕ ಅಡಿಕೆಯಾದ. ಇಬ್ಬರಿಗೂ ತಲೆಯಾಡಿಸಿ ಮತ್ತೆ ಕಂಪ್ಯೂಟರಿನ ಮುಂದೆ ಕೂತ.

ಹೀಗೆ ಎರಡು ವಾರ ಕಳೆಯಿತು. ಕಂಪ್ಯೂಟರಿನಲ್ಲಿ ಬರೀ ಕಪ್ಪು-ಬಿಳುಪು ಎಂಬ ಚೌಕಕ್ಕೆ ಗುರುತು ಹಾಕಿದರೂ ಅಷ್ಟೇ. ಸಂಜೆ ಹೊರಬಂದ ಹಾಳೆ ಶಾಯಿ ಒಣಗಿ ಬೆಳಿಗ್ಗೆಯ ಹೊತ್ತಿಗೆ ಇನ್ನೊಂದೇ ಬಣ್ಣಕ್ಕೆ ತಿರುಗಿರುತ್ತಿತ್ತು. ಒಂದು ದಿನ ಪ್ರಿಂಟರ್ ಶಾಯಿ ಮುಗಿಯಿತೆಂದು ಕೆಂಪು ದೀಪ ಮಿನುಗಿಸಿತು. ಮುಚ್ಚಳ ತೆಗೆದು ನೋಡಿದರೆ ಕಪ್ಪು ತುಂಬಿಕೊಂಡೇ ಇತ್ತು, ಖಾಲಿಯಾದದ್ದು ಕೆಂಪು. ಕಪ್ಪು-ಬಿಳುಪು ಮೆಟ್ಟಿಲಿಗೆ ಕೆಂಪು ಶಾಯಿಯನ್ನು ಯಾರು ಕುಡಿದರು ಎಂದು ಗಂಡ ಮನೆಯವರನ್ನೆಲ್ಲ ವಿಚಾರಿಸಿದ. ತಾನಂತೂ ಅಲ್ಲ ಎಂದರು ಅವನ ತಾಯಿ.

ಇದೇ ಹೊತ್ತಿಗೆ ಲ್ಯಾಬಿನಲ್ಲಿ ಇನ್ನೊಂದು ಕಥೆ ನಡೆದಿತ್ತು. ಹಲ್ಲಕ್ಕ ಮಾಡಿದ ಕ್ಯಾಪುಗಳು, ಅಂದರೆ ಹಲ್ಲಿನ ಮೇಲೆ ತೊಡಿಸುವ ಪಿಂಗಾಣಿ ಹಲ್ಲುಗಳು, ವಾಪಸು ಬರತೊಡಗಿದ್ದವು. ಮೊದಲನೆಯದು ಕೆಲವು ತಿಂಗಳ ಹಿಂದೆಯೇ ಬಂದಿತ್ತು. ಆಗ ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ಒಂದೇ ತಿಂಗಳಲ್ಲಿ ಇನ್ನೂ ಮೂರು. ಬೇರೆ ಬೇರೆ ವೈದ್ಯರದು, ಆದರೆ ಚೀಟಿಯಲ್ಲಿ ಒಂದೇ ದೂರು: ಬಾಯಲ್ಲಿಟ್ಟರೆ ಕೆಂಪಗೆ ಕಾಣುತ್ತದೆ. ಲ್ಯಾಬಿನ ಯಜಮಾನರು ಒಳ್ಳೆಯವರು, ಬೈಯಲಿಲ್ಲ. ನಾಲ್ಕನೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಕ್ಯಾಪನ್ನು ಪಟ್ಟಿಯ ಹಲ್ಲಿನ ಪಕ್ಕ ಹಿಡಿದಳು. ನೂಲಿನಷ್ಟೂ ಭೇದವಿಲ್ಲ. ತಿರುಗಿಸಿದಳು, ಒದ್ದೆ ಮಾಡಿ ನೋಡಿದಳು. ಎರಡೂ ಅವಳಿ-ಜವಳಿ. ತನ್ನ ಕಣ್ಣಿಗೆ ಸರಿ ಕಂಡದ್ದು ಲೋಕಕ್ಕೆಲ್ಲ ತಪ್ಪು ಕಾಣುತ್ತಿದೆ ಎಂದರೆ ಕೆಟ್ಟಿರುವುದು ಲೋಕವಂತೂ ಅಲ್ಲ. ಅದೇ ವಾರ ಅತ್ತೆ ಯಾವುದೋ ಮಾತಿಗೆ, ಮಗನ ಹಟವನ್ನು ಕುರಿತು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದಿದ್ದರು. ಸೊಸೆಗೆ ಹೇಳಿದ್ದಲ್ಲ, ಆದರೂ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಅವಳು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿದಳು. ಬಸ್ಸಿನಲ್ಲಿ ಒಂದು ಕಣ್ಣು ಮುಚ್ಚಿ ಎದುರಿನವರ ಅಂಗಿ ನೋಡುವುದು, ಆಮೇಲೆ ಇನ್ನೊಂದು ಮುಚ್ಚಿ ನೋಡುವುದು. ಒಬ್ಬ ಪ್ರಯಾಣಿಕ ಇವಳು ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಸೀಟು ಬದಲಿಸಿದ. ಸಕ್ಕರೆ, ಸುಣ್ಣದ ಗೋಡೆ, ಹಾಲಿನ ಪ್ಯಾಕೆಟ್ಟು, ಒಂದನ್ನೂ ಬಿಡಲಿಲ್ಲ. ಒಮ್ಮೆ ಎರಡೂ ಕಣ್ಣು ಒಂದೇ ಅನ್ನಿಸುವುದು, ಒಮ್ಮೆ ಎಡಗಣ್ಣಿಗೆ ಎಲ್ಲ ಕೊಂಚ ಮಾಸಿದಂತೆ. ಪಕ್ಕದ ಮನೆಯಾಕೆ ದಾರ ತಂದರೆ, ನಿಮಗೆ ಯಾವುದು ಒಪ್ಪಿಗೆಯೋ ಅದನ್ನೇ ತಗೊಳ್ಳಿ ಎಂದು ಬಾಗಿಲಲ್ಲೇ ಕಳಿಸಿದಳು. ಗಂಡ ಯಾವ ಹಾಳೆ ತೋರಿಸಿದರೂ ಚೆನ್ನಾಗಿದೆ ಎನ್ನತೊಡಗಿದಳು.

ಗಂಡನಿಗೆ ದಿಗಿಲಾಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಒಂದೇ ವಾರಕ್ಕೆ ಇಷ್ಟು ಸಲ ಚೆನ್ನಾಗಿದೆ ಎಂದದ್ದೇ ಇಲ್ಲ. ತನ್ನ ಮೆಟ್ಟಿಲುಗಳೇ ಅವಳಿಗೆ ಸಾಕಾಗಿಹೋಗಿವೆ ಎಂದುಕೊಂಡು ಅವನು ಹಾಳೆ ತೋರಿಸುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಅವಳು ಕಣ್ಣಿನ ಡಾಕ್ಟರ ಬಳಿ ಹೋದಳು. ಅವರು ಔಷಧಿಯ ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ದೀಪ ಬಿಟ್ಟು ನೋಡಿದರು. ಎಡಗಣ್ಣಲ್ಲಿ ಪೊರೆ ಈಗಷ್ಟೇ ಕಾಲಿಡುತ್ತಿದೆ, ಈ ವಯಸ್ಸಿಗೆ ಸಹಜ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಇದರಿಂದ ಬಣ್ಣ ತಪ್ಪುತ್ತದೆಯೇ ಎಂದು ಕೇಳಿದಳು. ಕೆಲವರಿಗೆ ತಪ್ಪಬಹುದು, ಕೆಲವರಿಗೆ ಗೊತ್ತೇ ಆಗುವುದಿಲ್ಲ ಎಂದರು. ತನಗೆ ಹೇಗೆ ಎಂದು ಕೇಳಿದಳು. ಅದನ್ನು ಹೇಳುವುದು ಕಷ್ಟ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದ್ದ ಆ ಉತ್ತರವನ್ನು ಹೊತ್ತು ಅವಳು ಮನೆಗೆ ಬಂದಳು. ಹನಿಯ ಪ್ರಭಾವ ಇನ್ನೂ ಇಳಿದಿರಲಿಲ್ಲ. ಹತ್ತಿರದ್ದೆಲ್ಲ ಮಂಜು ಮಂಜು.

ಅದೇ ಹೊತ್ತಿಗೆ ಗಂಡ, ಕೊನೆಯದಾಗಿ ಒಂದು ಸಲ ಕೇಳಿಬಿಡೋಣ ಎಂದು, ಹೊಸ ಹಾಳೆಯೊಂದನ್ನು ಅವಳ ಕೈಗಿತ್ತ. ಅವಳು ಅದನ್ನು ದೂರ ಹಿಡಿದಳು, ಹತ್ತಿರ ತಂದಳು, ಚೆನ್ನಾಗಿದೆ ಎಂದಳು.

"ತಲೆಕೆಳಗೆ ಹಿಡಿದಿದೀಯ" ಎಂದ ಗಂಡ.

ಆಗ ಅವಳು ಕೂತಳು. ವಾಪಸು ಬಂದ ಕ್ಯಾಪುಗಳು, ಬಸ್ಸಿನ ಪ್ರಯಾಣಿಕ, ಡಾಕ್ಟರ ಮಾತು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಕಣ್ಣೇ ಕೈಕೊಟ್ಟರೆ ತಾನು ಇನ್ನು ಯಾವ ಕೆಲಸಕ್ಕೆ ಬಂದೇನು ಎಂದು ಕೇಳಿದಳು. ಗಂಡ ಹಾಳೆಯನ್ನು ಸುರುಳಿ ಸುತ್ತಿ ಬದಿಗಿಟ್ಟ.

"ಲಿಫ್ಟ್ ನಿಂತ್ರೆ ಎಲ್ಲರೂ ಮೋಟರ್ ಸುಟ್ಟುಹೋಗಿದೆ ಅಂತಾರೆ. ಹತ್ತರಲ್ಲಿ ಒಂಬತ್ತು ಸಲ ಮೋಟರಿಗೆ ಏನೂ ಆಗಿರಲ್ಲ. ಯಾವುದೋ ಮಹಡೀಲಿ ಬಾಗಿಲು ಸರಿಯಾಗಿ ಮುಚ್ಚಿರಲ್ಲ, ಅಷ್ಟೇ."

"ನನ್ನ ಕಣ್ಣಿಗೆ ಬಾಗಿಲು ಎಲ್ಲಿಂದ ಬಂತು?"

"ನನಗೇನು ಗೊತ್ತು? ಮೋಟರ್ ಬಿಚ್ಚೋ ಮುಂಚೆ ಬಾಗಿಲು ನೋಡಬೇಕು ಅಂದೆ."

ಆ ಮಾತಿನಿಂದ ಅವಳಿಗೆ ಏನೂ ಹೊಳೆಯಲಿಲ್ಲ. ಆದರೆ ಹೇಳಿಕೊಂಡದ್ದರಿಂದ ಮನಸ್ಸು ಒಂದಿಷ್ಟು ಹಗುರಾಯಿತು.

ಭಾನುವಾರ ಬೆಳಿಗ್ಗೆ ಅವಳು ಹಾದಿಯಲ್ಲಿ ಪ್ರಿಂಟರಿನ ಮೇಲಿನ ಧೂಳು ಒರೆಸುತ್ತಿದ್ದಳು. ಅತ್ತೆ ಪದಬಂಧದ ಕೆಳಗೆ ಆಸರೆಯಾಗಿ ಇಟ್ಟುಕೊಂಡಿದ್ದ ಹಳೆಯ ಹಾಳೆಯೊಂದನ್ನು ಹಿಡಿದು ನಿಧಾನಕ್ಕೆ ನಡೆದು ಬಂದರು. ನಿಮ್ಮ ಈ ಕೆಂಪು ಕಾಗದ ತಗೊಳ್ಳಿ ಎನ್ನಲು ಹೋದವರು ಟ್ಯೂಬ್‌ಲೈಟಿನ ಕೆಳಗೆ ಕೈ ಚಾಚಿ ಹಾಗೇ ನಿಂತರು.

"ಇದೇನೇ, ಹಸಿರಾಗಿದೆ?"

"ಬೇರೆ ಹಾಳೆ ತಂದಿರಿ ಅನ್ಸತ್ತೆ, ಅತ್ತೆ."

"ಬೇರೆ ಎಲ್ಲಿಂದ ತರಲಿ? ಇಷ್ಟು ಹೊತ್ತು ನನ್ನ ತೊಡೆ ಮೇಲೇ ಇತ್ತು."

ಅತ್ತೆ ಹಾಳೆಯೊಂದಿಗೆ ಕಿಟಕಿಗೆ ವಾಪಸು ಹೋದರು. ಅಲ್ಲಿಂದಲೇ, ಈಗ ಕೆಂಪು ಎಂದರು. ಹಲ್ಲಕ್ಕ ಕೈಯಲ್ಲಿದ್ದ ಬಟ್ಟೆ ಬಿಸಾಕಿ ಹೋಗಿ ನೋಡಿದಳು. ಕೆಂಪು. ಹಾಳೆ ಕಿತ್ತುಕೊಂಡು ಹಾದಿಗೆ ಬಂದಳು. ಹಸಿರು. ಗದ್ದಲಕ್ಕೆ ಎದ್ದು ಬಂದ ಗಂಡ ಅಡುಗೆಮನೆಯ ಬಲ್ಬಿನ ಕೆಳಗೆ ಕೊಂಡೊಯ್ದ. ಅಲ್ಲಿ ಅಚ್ಚುಕಟ್ಟಾದ ಬೂದು. ಮೂವರೂ ಒಂದು ಹಾಳೆಯ ಹಿಂದೆ ಮನೆಯೊಳಗೆ ಮೂರು ಸಲ ಸುತ್ತು ಹಾಕಿದರು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದು ಯಾರಿಗೂ ತಿಳಿಯಲಿಲ್ಲ. ಮೊದಲ ಹದಿನೈದು ದಿನ ಮೂವರೂ ತಂತಮ್ಮ ಜಾಗದಲ್ಲಿ ಕೂತು ಕಂಡದ್ದನ್ನೇ ಹೇಳಿದ್ದರು. ಒಬ್ಬರೂ ಸುಳ್ಳು ಹೇಳಿರಲಿಲ್ಲ.

ಹಲ್ಲಕ್ಕ ನಾಚಿಕೊಂಡಳು. ಬೆಳಕು ಬದಲಾದರೆ ಹಲ್ಲಿನ ಬಣ್ಣ ಬದಲಾಗುತ್ತದೆ ಎಂಬುದು ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ಹಲ್ಲಿನ ವಿಷಯದಲ್ಲಿ ಗೊತ್ತಿದ್ದದ್ದು ಕಾಗದದ ವಿಷಯದಲ್ಲಿ ತಲೆಗೆ ಹೊಳೆದೇ ಇರಲಿಲ್ಲ. ಗಂಡನಿಗೆ ಮಾತ್ರ ಸಮಾಧಾನವಾಗಲಿಲ್ಲ. ಹಾಗಾದರೆ ಇದರ ನಿಜವಾದ ಬಣ್ಣ ಯಾವುದು ಎಂದು ಕೇಳಿದ. ಅವಳು ಒಲೆಯ ಕಡೆ ಓಡಿದಳು.

ಹಾಲು ಒರೆಸುವಾಗ ಇನ್ನೊಂದು ವಿಷಯ ಅವಳ ತಲೆಯೊಳಗೆ ಓಡಿತು. ಟ್ಯೂಬ್‌ಲೈಟಿನ ಕೆಳಗೆ ಹಸಿರು ಕಂಡಿತೆಂದು ಕೆಂಪು ಹಾಕಿಸಿದವಳು ತಾನು. ಅದಕ್ಕೇ ಕಿಟಕಿಯಲ್ಲಿ ಅದು ಸುಟ್ಟಗಾಯವಾದದ್ದು. ಲ್ಯಾಬಿನಲ್ಲಿ ಕ್ಯಾಪು ಪಟ್ಟಿಯ ಹಲ್ಲಿಗಿಂತ ಹಸಿರು ಕಂಡಾಗ ಕೆಂಪು ಲೇಪ ಕೊಟ್ಟು ತಾನು ಮಾಡುತ್ತಿರುವುದೂ ಅದನ್ನೇ ಅಲ್ಲವೇ?

ಲ್ಯಾಬ್ ಹಳೆಯ ಮನೆಯೊಂದರಲ್ಲಿದ್ದಾಗ ಅವಳ ಮೇಜು ದೊಡ್ಡ ಕಿಟಕಿಯ ಮುಂದೆ ಇತ್ತು. ಎಂಟು ತಿಂಗಳ ಹಿಂದೆ ಅದು ಅಂಗಡಿಗಳ ಸಂಕೀರ್ಣವೊಂದರ ನೆಲಮಾಳಿಗೆಗೆ ಹೋಯಿತು. ಅಲ್ಲಿ ಕಿಟಕಿ ಇಲ್ಲ. ಹಗಲಿನಷ್ಟೇ ಬೆಳ್ಳಗೆ ಉರಿಯುವ ದೀಪಗಳಿದ್ದವು, ಅದಕ್ಕೇ ಅವಳಿಗೆ ಅನುಮಾನ ಬಂದಿರಲಿಲ್ಲ. ಸೋಮವಾರ ಅವಳು ಆ ಹಾಳೆಯಿಂದ ಬೂದು ಭಾಗದ ಒಂದು ಚೂರು ಕತ್ತರಿಸಿ ಒಯ್ದಳು. ಮೇಜಿನ ಮೇಲಿಟ್ಟಳು. ಹಸಿರು, ಮನೆಯಲ್ಲಿದ್ದದ್ದಕ್ಕಿಂತ ಒಂದು ಕೈ ಮೇಲೆ.

ಕಾಗದದ ಚೂರನ್ನೂ, ವಾಪಸು ಬಂದ ಕ್ಯಾಪುಗಳನ್ನೂ, ಮಾದರಿ ಹಲ್ಲುಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ಅವಳು ರಸ್ತೆಯ ಬಾಗಿಲಿಗೆ ಬಂದಳು. ಹಗಲ ಬೆಳಕಿನಲ್ಲಿ ಮೂರು ಕ್ಯಾಪುಗಳು ಒಸಡಿನ ಹಾಗೆ ಕೆಂಪಗೆ ಎದ್ದು ಕಂಡವು. ಅವಳಿ-ಜವಳಿ ಎಂದುಕೊಂಡಿದ್ದ ಮಾದರಿ ಹಲ್ಲುಗಳು ಅವುಗಳ ಪಕ್ಕ ಕೆಂಪಿನ ಸುಳಿವೇ ಇಲ್ಲದೆ ಕೂತಿದ್ದವು. ಅವಳು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದಳು. ಏನಾದರೂ ಕಳೆದುಹೋಯಿತೇ ಎಂದು ಕಾವಲುಗಾರ ವಿಚಾರಿಸಿದ. ಸಿಕ್ಕಿದೆ ಅನ್ಸತ್ತೆ ಎಂದು ಹೇಳಿ ಯಜಮಾನರನ್ನು ಕರೆತಂದಳು.

ಯಜಮಾನರು ನೋಡಿದರು, ಒಳಗೆ ಹೋಗಿ ನೋಡಿ ಬಂದರು, ಮತ್ತೆ ನೋಡಿದರು. ಎರಡು ತಿಂಗಳ ಹಿಂದೆ ಅರ್ಧ ದೀಪಗಳು ಒಟ್ಟಿಗೆ ಕೆಟ್ಟಿದ್ದವು. ಕರೆಂಟಿನವನು ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿ ಹೋಗಿದ್ದ, ಬೆಳ್ಳಗಿದ್ದರೆ ಸಾಕೆಂದು ನಾನೂ ಸುಮ್ಮನಿದ್ದೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು, ತಪ್ಪು ತಿಳ್ಕೋಬೇಡಮ್ಮ ಎಂದರು. ಆ ವಾರವೇ ಹಲ್ಲಿನ ಕೆಲಸಕ್ಕೆಂದೇ ಬರುವ ದೀಪಗಳನ್ನು ತರಿಸಿ ಹಾಕಿಸಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಟ್ಟೆಯಲ್ಲಿ ಇನ್ನೊಂದು ಕ್ಯಾಪೂ ಇತ್ತು. ಎಲ್ಲಕ್ಕಿಂತ ಮೊದಲು ವಾಪಸು ಬಂದದ್ದು. ಅದರ ಚೀಟಿಯ ಮೇಲಿನ ತಾರೀಖು ಲ್ಯಾಬ್ ಸ್ಥಳಾಂತರವಾಗುವುದಕ್ಕಿಂತ ಒಂಬತ್ತು ದಿನ ಹಿಂದಿನದು. ಹಳೆಯ ಮನೆಯಲ್ಲಿ, ದೊಡ್ಡ ಕಿಟಕಿಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ಮಾಡಿದ ಹಲ್ಲು. ಅದೂ ಕೆಂಪಗೇ ಇತ್ತು. ಉಳಿದ ಮೂರರಷ್ಟಲ್ಲ, ಆದರೆ ಇತ್ತು. ಅಥವಾ ಇದ್ದಂತೆ ಕಂಡಿತು. ಯಜಮಾನರಿಗೆ ತೋರಿಸಿದಳು. ಇಪ್ಪತ್ತಾರು ವರ್ಷದಲ್ಲಿ ಒಂದು ತಾನೇ, ಬಿಡಮ್ಮ ಎಂದರು. ಅವಳು ಬಿಡಲಿಲ್ಲ. ಮುಂದಿನ ಸಾಲಿನ ಹಲ್ಲು ಯಾವುದೇ ಆದರೂ ತಾನು ನೋಡಿದ ಮೇಲೆ ಪಕ್ಕದ ಮೇಜಿನ ಹುಡುಗಿಗೂ ತೋರಿಸುವ ಪದ್ಧತಿ ಮಾಡಿಕೊಂಡಳು. ನೀವೇ ಹೇಳಿ ಅಕ್ಕ ಎಂದು ಆ ಹುಡುಗಿ ಹಿಂಜರಿಯುತ್ತಿದ್ದಳು. ನಾನು ಹೇಳಿ ಆಯ್ತು, ನಿನ್ನ ಕಣ್ಣಿಗೆ ಏನು ಕಾಣತ್ತೋ ಅದು ಹೇಳು ಎನ್ನುತ್ತಿದ್ದಳು ಹಲ್ಲಕ್ಕ. 

ಇತ್ತ ಗಡುವಿಗೆ ಹತ್ತು ದಿನ ಉಳಿದಿತ್ತು. ಮತ್ತೆ ಮುಗಿದ ಕೆಂಪು ಶಾಯಿ ತರಲು ಹೋದ ಗಂಡ ಅಂಗಡಿಯವನ ಮುಂದೆ ತನ್ನ ಗೋಳು ತೋಡಿಕೊಂಡ. ಅವನು ಹೇಳಿದ್ದು ಇಷ್ಟು: ನಿಮ್ಮ ಮಾದರಿಯ ಪ್ರಿಂಟರು ಹೊಳೆಯುವ ಕಾಗದ ಎಂದು ತಿಳಿದರೆ ಕಪ್ಪು ಶಾಯಿಯನ್ನು ಮುಟ್ಟುವುದೇ ಇಲ್ಲ. ಉಳಿದ ಮೂರು ಬಣ್ಣ ಬೆರೆಸಿ ಬೂದು ಮಾಡುತ್ತದೆ. ಮೂರರ ಸಮತೋಲ ಒಂದು ಬೆಳಕಿನಲ್ಲಿ ನಿಂತರೆ ಇನ್ನೊಂದರಲ್ಲಿ ವಾಲುತ್ತದೆ. ಮಂಕು ಕಾಗದ ಹಾಕಿ, ಸಾದಾ ಕಾಗದ ಎಂದು ಹೇಳಿ, ಕಪ್ಪು ಶಾಯಿ ಮಾತ್ರ ಬಳಸು ಎನ್ನಿ.

ಹಾಗೇ ಮಾಡಿದ. ದಪ್ಪನೆಯ ಮಂಕು ಕಾಗದದ ಮೇಲೆ ಶಂಖದ ಮೆಟ್ಟಿಲು ಮತ್ತೆ ಇಳಿಯಿತು. ಹಾದಿ, ಅಡುಗೆಮನೆ, ಕಿಟಕಿ ಮೂರೂ ಕಡೆ ಹಿಡಿದು ನೋಡಿದರು. ಬಲ್ಬಿನ ಕೆಳಗೆ ಚೂರು ಬೆಚ್ಚಗೆ ಕಂಡದ್ದು ಬಿಟ್ಟರೆ ಎಲ್ಲೂ ಬಣ್ಣ ಬದಲಿಸಲಿಲ್ಲ. ಈಗ ಸಿಮೆಂಟು ಸಿಮೆಂಟಿನ ಹಾಗಿದೆ ಎಂದರು ಅತ್ತೆ. ಗಂಡನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಆ ಹೊಳಪು ಹೋಗಿತ್ತು, ಕಡುಗಪ್ಪಿದ್ದಲ್ಲಿ ಇದ್ದಿಲಿನ ಪುಡಿಯ ಮಂಕು, ಬೆಳಕಿದ್ದ ಕಡೆ ಕಣ್ಣಿಟ್ಟು ನೋಡಿದರೆ ಸಣ್ಣ ಸಣ್ಣ ಚುಕ್ಕಿ. ಹೊಳೆಯುವ ಹಾಳೆಯನ್ನೂ ಮಂಕು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಎರಡು ದಿನ ಕೂತ. ಯಾವುದು ಎಂದು ಹೆಂಡತಿಯನ್ನು ಕೇಳಿದ.

"ನನ್ನನ್ನ ಕೇಳಬೇಡಿ. ಮೆಟ್ಟಿಲು ಹತ್ತಿದವರು ನೀವು."

ಅವನು ಮಂಕನ್ನೇ ಆರಿಸಿದ. ಮೆಟ್ಟಿಲುಗಳು ಹೊಳೆಯುತ್ತಿರಲಿಲ್ಲ, ಧೂಳು ಹಿಡಿದಿದ್ದವು ಎಂಬುದು ನೆನಪಾಯಿತಂತೆ.

ಹನ್ನೆರಡು ಚಿತ್ರಗಳು ವಾಚನಾಲಯದ ಗೋಡೆ ಏರಿದವು. ಮೊಗಸಾಲೆಯ ಒಂದು ತುದಿಯಲ್ಲಿ ಕಿಟಕಿ, ಇನ್ನೊಂದು ತುದಿಯಲ್ಲಿ ದೀಪ. ಅತ್ತೆ ಒಂದು ಕುರ್ಚಿ ಹಾಕಿಸಿಕೊಂಡು ಕೂತು, ಬಂದವರಿಗೆಲ್ಲ ಇವನು ನನ್ನ ಮಗ ಎಂದು ಕೈ ತೋರಿಸಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಪತ್ರಿಕೆ ಓದಲು ಬರುವ ಒಬ್ಬ ಹಿರಿಯರು ಮಧ್ಯದ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹಲ್ಲಕ್ಕನ ಕಡೆ ತಿರುಗಿ, ಇದೊಂದು ಸ್ವಲ್ಪ ನೀಲಿ ಹೊಡೆಯುತ್ತಿದೆ ಅಲ್ಲವೇ ಎಂದು ಕೇಳಿದರು.

ಗಂಡ ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಹಲ್ಲಕ್ಕ ಚಿತ್ರದ ಹತ್ತಿರ ಹೋದಳು. ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದು ಎರಡೂ ತೆರೆದು ನೋಡಿದಳು. ಅವಳಿಗೆ ನೀಲಿ ಕಾಣಲಿಲ್ಲ.

"ಇರಬಹುದು" ಎಂದಳು. "ನೀವು ಎಲ್ಲಿ ನಿಂತು ನೋಡಿದ್ರಿ?"

ಹಿರಿಯರು ತಾವು ನಿಂತಿದ್ದ ಜಾಗ ತೋರಿಸಿದರು. ಅವಳು ಹೋಗಿ ಅವರ ಪಕ್ಕದಲ್ಲಿ ನಿಂತಳು.